ಬೆಟ್ಟ, ಕಡಲು, ಹಿನ್ನೀರು: ಸ್ಕೌಟ್ ಮಕ್ಕಳ ಜೊತೆ ಮೂರನ್ನೂ ಮಾಡಿ ನೋಡಿದ ಮೇಲೆ

ಪ್ರತಿ ವರ್ಷ ದಸರಾ ರಜೆ ಮುಗಿಯುತ್ತಿದ್ದಂತೆ ಬೇರೆ ಶಾಲೆಯ ಸ್ಕೌಟ್ ಮಾಸ್ಟರ್‌ಗಳಿಂದ ಫೋನ್ ಶುರುವಾಗುತ್ತದೆ. "ಸರ್, ಈ ಸಲ ಮಕ್ಕಳನ್ನ ಬೆಟ್ಟಕ್ಕೆ ಕರ್ಕೊಂಡು ಹೋಗೋದಾ, ಸಮುದ್ರಕ್ಕಾ?" ನಾನು ಅರಸೀಕೆರೆ ಕಡೆಯವನು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಜೊತೆಗೆ ಸ್ಕೌಟ್ ಟ್ರೂಪ್ ನೋಡಿಕೊಳ್ಳುತ್ತೇನೆ. ಸತತ ಮೂರು ಶಾಲಾ ವರ್ಷ ಮೂರು ಕಡೆ ಹೋಗಿ ಬಂದೆವು. ಕುಮಾರ ಪರ್ವತ, ಕುಮಟಾದಿಂದ ಗೋಕರ್ಣಕ್ಕೆ ಕಡಲ ದಂಡೆಯ ನಡಿಗೆ, ಆಮೇಲೆ ಶರಾವತಿ ಹಿನ್ನೀರಿನ ಹೊನ್ನೆಮರಡು. ಮೂರು ಸಲವೂ 18 ಹುಡುಗರು, 6 ಹುಡುಗಿಯರು, ಅಂದರೆ ನಾಲ್ಕು ಪೆಟ್ರೋಲ್. ದೊಡ್ಡವರು ಮೂವರು: ನಾನು, ಪಿ.ಇ. ಮೇಷ್ಟ್ರು, ಹುಡುಗಿಯರ ಗುಂಪು ನೋಡಿಕೊಳ್ಳುವ ಗೈಡ್ ಕ್ಯಾಪ್ಟನ್ ಮೇಡಂ. (ಪೆಟ್ರೋಲ್ ಅಂದರೆ ಬಂಕಿನದಲ್ಲ. ಸ್ಕೌಟಿನಲ್ಲಿ ಆರೆಂಟು ಮಕ್ಕಳ ಗುಂಪಿಗೆ ಹಾಗನ್ನುತ್ತಾರೆ. ಒಪ್ಪಿಗೆ ಪತ್ರದಲ್ಲಿ 'ಪೆಟ್ರೋಲ್ ಲೀಡರ್' ಅಂತ ಓದಿ ಒಬ್ಬ ತಾಯಿ ಗಾಬರಿಯಾಗಿ ಫೋನ್ ಮಾಡಿದ್ದರು.)

ಯಾವುದು ಚೆಂದ ಅಂತ ಕೇಳಿದರೆ ಮೂರೂ ಚೆಂದವೇ. ನಾನು ಅಳೆಯೋದು ಬೇರೆ ಒಂದು ಪ್ರಶ್ನೆಯಿಂದ. ನಡುದಾರಿಯಲ್ಲಿ ಒಂದು ಮಗು "ಸಾಕು ಸರ್, ನನ್ನ ಕೈಲಾಗಲ್ಲ" ಅಂದರೆ ಮುಂದೇನು? ಈ ಪ್ರಶ್ನೆ ನನಗೆ ಮೊದಲೇ ಹೊಳೆದಿರಲಿಲ್ಲ. ಕುಮಾರ ಪರ್ವತ ಕಲಿಸಿತು.

2022ರ ನವೆಂಬರ್‌ನಲ್ಲಿ ಅಲ್ಲಿಗೆ ಹೋಗಿದ್ದು. ಬೆಟ್ಟದ ಎತ್ತರ 1712 ಮೀಟರ್. ಅದೇನು ಮಹಾ ಅನ್ನಿಸಬಹುದು. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರೋದು ತೀರಾ ತಗ್ಗಿನಲ್ಲಿ. ಆ ಕಡೆಯಿಂದ ಹತ್ತಿದರೆ 1500 ಮೀಟರ್‌ಗೂ ಜಾಸ್ತಿ ಏರು. ಗಿರಿಗದ್ದೆಯ ಭಟ್ಟರ ಮನೆವರೆಗೆ ದಟ್ಟ ಕಾಡು, ಬೇರುಗಳೇ ಮೆಟ್ಟಿಲು. ಅಲ್ಲಿಂದ ಮೇಲೆ ಬೋಳು ಹುಲ್ಲುಗುಡ್ಡ, ತಲೆ ಮೇಲೆ ನೇರ ಬಿಸಿಲು. ಮೊದಲ ದಿನ ಭಟ್ಟರ ಮನೆಯಲ್ಲಿ ಉಳಿದೆವು. ಅನ್ನ, ಸಾಂಬಾರು, ಮಜ್ಜಿಗೆ. ಮನೆಯಲ್ಲಿ ತರಕಾರಿ ಆರಿಸಿಟ್ಟು ತಿನ್ನುವ ಮಕ್ಕಳೂ ಮೂರು ಸಲ ಬಡಿಸಿಕೊಂಡರು.

ಎರಡನೇ ದಿನ ಕಲ್ಲು ಮಂಟಪದ ಹತ್ತಿರ 8ನೇ ಕ್ಲಾಸಿನ ಒಬ್ಬನ ಶೂ ಬಾಯಿ ಬಿಟ್ಟಿತು. ಹೊಸ ಶೂ, ಪ್ರವಾಸಕ್ಕೆಂದೇ ಅಪ್ಪ ಕೊಡಿಸಿದ್ದು. ಸೋಲ್ ಅರ್ಧ ಕಿತ್ತು ಪಟಪಟ ಅನ್ನುತ್ತಿತ್ತು. ಅವನ ಪೆಟ್ರೋಲ್ ಲೀಡರ್ ನನ್ನ ಹತ್ತಿರ ಬರಲೇ ಇಲ್ಲ. ತನ್ನ ಹಗ್ಗ ತೆಗೆದು ಪಾದದ ಸುತ್ತ ಎರಡು ಸುತ್ತು ಹಾಕಿ, ಮೇಲೆ ರೀಫ್ ನಾಟ್ ಬಿಗಿದ. ಸ್ವಲ್ಪ ದೂರ ನಡೆದ ಮೇಲೆ ಗಂಟು ಬೆರಳಿಗೆ ಒತ್ತುತ್ತಿದೆ ಅಂತ ಬಿಚ್ಚಿ ಪಕ್ಕಕ್ಕೆ ಸರಿಸಿ ಕಟ್ಟಿದ. ಪರೀಕ್ಷೆಯಲ್ಲಿ ಈ ಗಂಟಿಗೆ ಅವನು ಎರಡು ಸಲ ಫೇಲಾಗಿದ್ದ. ಬೆಟ್ಟದ ಗುಣವೇ ಇದು. ಕೆಲಸ ಮಕ್ಕಳ ಕೈಗೇ ಬರುತ್ತದೆ. ಚೀಲ ಹೊರೋದು, ನೀರು ಹಂಚೋದು, ಹಿಂದುಳಿದವನಿಗೆ ಕಾಯೋದು, ಯಾವುದಕ್ಕೂ ಹೊರಗಿನ ಗೈಡ್ ಬೇಕಾಗಿಲ್ಲ.

ಆದರೆ ಶೇಷ ಪರ್ವತದ ಹತ್ತಿರ ಇಬ್ಬರು ಕೂತುಬಿಟ್ಟರು. ಒಬ್ಬನಿಗೆ ಮೀನಖಂಡ ಹಿಡಿದಿತ್ತು. ಇನ್ನೊಬ್ಬಳು ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ, ಯಾಕೆಂದರೆ ದಾರಿಯಲ್ಲಿ ಶೌಚಾಲಯ ಇಲ್ಲ. ಇದನ್ನು ಮೇಡಂ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ, ನಾಚಿಕೆಯಾಯಿತು. 12 ಗಂಟೆಗೆ ಎಲ್ಲೇ ಇದ್ದರೂ ತಿರುಗೋದು ಅಂತ ಮೊದಲೇ ಮಾತಾಗಿತ್ತು, ತಿರುಗಿದೆವು. ತುದಿ ಮುಟ್ಟಿದ್ದು 9 ಮಕ್ಕಳು ಮಾತ್ರ, ಪಿ.ಇ. ಮೇಷ್ಟ್ರ ಜೊತೆ. ಕಷ್ಟ ಗೊತ್ತಾಗಿದ್ದು ಆಮೇಲೆ. 'ಸಾಕು' ಅಂದವರೂ ತಮ್ಮ ಕಾಲಿನ ಮೇಲೇ ಇಳಿಯಬೇಕು. ವಾಹನ ಬರುವ ದಾರಿಯಿಲ್ಲ. ಮೀನಖಂಡ ಹಿಡಿದವನನ್ನು ಇಬ್ಬರು ಸರದಿಯಲ್ಲಿ ಹೆಗಲು ಕೊಟ್ಟು ಇಳಿಸಿದರು. ಕುಕ್ಕೆ ತಲುಪಿದಾಗ ಟಾರ್ಚ್ ಹಾಕಿಕೊಂಡು ಒಂದು ಗಂಟೆಯ ಮೇಲಾಗಿತ್ತು.

ಈಗ ಯೋಜನೆ ಮಾಡುವವರಿಗೆ ಇನ್ನೊಂದು ವಿಷಯ. ಬೆಟ್ಟ ಪುಷ್ಪಗಿರಿ ವನ್ಯಜೀವಿ ಧಾಮದೊಳಗಿದೆ. 2024ರ ಜನವರಿಯಲ್ಲಿ ಜಾತ್ರೆಯ ಹಾಗೆ ಜನ ಸೇರಿದ್ದ ಫೋಟೋ ಎಲ್ಲರೂ ನೋಡಿದ್ದೇವೆ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದು ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಮಳೆಗಾಲದಲ್ಲಿ ಇಂಬಳ ಮತ್ತು ಜಾರಿಕೆ. 24 ಮಕ್ಕಳಿಗೆ ಒಂದೇ ದಿನಕ್ಕೆ ಟಿಕೆಟ್ ಸಿಗಬೇಕು, ಬಿಇಒ ಅನುಮತಿಯೂ ಆ ದಿನಕ್ಕೇ ಹೊಂದಬೇಕು. ಬೆಟ್ಟ ಹತ್ತೋದಕ್ಕಿಂತ ಇದೇ ಏರು.

ಮಾರನೇ ವರ್ಷ, 2023ರ ಡಿಸೆಂಬರ್‌ನಲ್ಲಿ, ಕಡಲು. ಮೊದಲು ನೇತ್ರಾಣಿ ದ್ವೀಪ ಅಂದುಕೊಂಡಿದ್ದೆ. ಮಕ್ಕಳನ್ನು ಕರೆದೊಯ್ಯುವ ಮುಂಚೆ ನಾವು ಮೂವರು ಹೋಗಿ, ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವ ಸ್ಕೂಬಾ ಮಾಡಿ ನೋಡಿದೆವು. ಮೀನು, ಹವಳ ಎಲ್ಲ ಸೊಗಸು, ಸುಳ್ಳು ಹೇಳಬಾರದು. ಆದರೆ ಮುರುಡೇಶ್ವರದಿಂದ ದೋಣಿಯಲ್ಲಿ ಅಷ್ಟು ಹೊತ್ತು ಕೂತು, ವಾಂತಿ ಮಾಡಿಕೊಂಡು, ನೀರಿಗಿಳಿದ ಮೇಲೆ ಎಲ್ಲವನ್ನೂ ತರಬೇತುದಾರರೇ ಮಾಡುತ್ತಾರೆ. ನಮ್ಮನ್ನು ಚೀಲದ ಹಾಗೆ ಹಿಡಿದು ತೇಲಿಸಿಕೊಂಡು ಹೋಗುತ್ತಾರೆ, ಅಷ್ಟೆ. ಹೊಟ್ಟೆ ತೊಳಸಿದ ಮಗು 'ಸಾಕು' ಅಂದರೂ ಉಳಿದವರ ಸರದಿ ಮುಗಿಯುವವರೆಗೆ ದೋಣಿಯಲ್ಲೇ ಕೂರಬೇಕು. ದುಡ್ಡೂ ಜಾಸ್ತಿ. ಕುಟುಂಬದ ಜೊತೆ ಹೋಗಿ, ಟ್ರೂಪ್ ಜೊತೆ ಬೇಡ.

ಹಾಗಾಗಿ ದಂಡೆಯ ನಡಿಗೆ. ಹಾಸನದಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಕುಮಟಾ. ಅಲ್ಲಿಂದ ವನ್ನಳ್ಳಿ, ಕಡ್ಲೆ ಹಾದು ಅಘನಾಶಿನಿ. ಹೊಳೆಯನ್ನು ಬೈಕುಗಳ ಜೊತೆ ದೋಣಿಯಲ್ಲಿ ದಾಟಿದರೆ ತದಡಿ. ಮುಂದೆ ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣ. ಎರಡು ದಿನದಲ್ಲಿ 25 ಕಿ.ಮೀ. ಮೇಲಾಯಿತು ಅಂತ ಪಿ.ಇ. ಮೇಷ್ಟ್ರ ಮೊಬೈಲ್ ತೋರಿಸಿತು. ಬೀಚಿನಲ್ಲಿ ಟೆಂಟ್ ಹಾಕಲಿಲ್ಲ, ಒಂದು ಊರಿನ ಶಾಲೆಯಲ್ಲಿ ಕೇಳಿ ಮಲಗಿದೆವು.

ನನ್ನ ದೊಡ್ಡ ಎಡವಟ್ಟು ಆಗಿದ್ದು ಇಲ್ಲೇ. ಎರಡು ಬೀಚ್‌ಗಳ ನಡುವೆ ಬಂಡೆಯ ಮೂಗು ಚಾಚಿರುತ್ತದೆ. ನೀರು ಇಳಿದಾಗ ಬುಡದಲ್ಲೇ ನಡೆದು ಹೋಗಬಹುದು, ಉಬ್ಬರದಲ್ಲಿ ದಾರಿಯೇ ಇರುವುದಿಲ್ಲ. ಇಳಿತ ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ ಅಂತ ಪಟ್ಟಿ ನೋಡಿ ಬರೆದುಕೊಂಡಿದ್ದೆ. ಆಮೇಲೆ ಶಾಲೆಯ ಕಾರಣಕ್ಕೆ ಪ್ರವಾಸ ಎರಡು ದಿನ ಮುಂದೆ ಹೋಯಿತು. ಟಿಕೆಟ್ ಬದಲಾಯಿಸಿದೆ, ಊಟದ ಪಟ್ಟಿ ಬದಲಾಯಿಸಿದೆ, ಇಳಿತದ ಹೊತ್ತನ್ನು ಹಾಗೇ ಬಿಟ್ಟೆ. ಉಬ್ಬರವಿಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಎರಡು ದಿನಕ್ಕೆ 100 ನಿಮಿಷ. ಗಣಿತದ ಮೇಷ್ಟ್ರು ತಪ್ಪಬಾರದ ಲೆಕ್ಕ ಅಲ್ವಾ! ಒಂಬತ್ತೂವರೆಗೆ ಹೋಗಿ ನಿಂತರೆ ಅಲೆ ಬಂಡೆಗೆ ಅಪ್ಪಳಿಸುತ್ತಿದೆ. ಬಲೆ ಬಿಡಿಸುತ್ತಾ ಕೂತಿದ್ದ ಅಜ್ಜ ಒಬ್ಬರು ತಲೆ ಎತ್ತದೆಯೇ ಹೇಳಿದರು: "ಮಾಸ್ತರೇ, ನೀರು ಇಳಿಬೇಕಾದ್ರೆ ಇನ್ನೂ ಒಂದೂವರೆ ತಾಸು ಬೇಕು. ಮಕ್ಕಳಿಗೆ ಏನಾದ್ರೂ ತಿನ್ಸಿ."

ಅವಲಕ್ಕಿ ಬಿಚ್ಚಿದೆವು. ಒಂದು ಪೆಟ್ರೋಲಿನವರು ಮರಳಿನಲ್ಲಿ ಸ್ಕೌಟ್ ಲಾಠಿ ನೆಟ್ಟು, ಹತ್ತು ನಿಮಿಷಕ್ಕೊಮ್ಮೆ ನೀರಿನ ಅಂಚಿಗೆ ಒಂದೊಂದು ಚಿಪ್ಪು ಇಟ್ಟರು. ಚಿಪ್ಪಿನ ಸಾಲು ಕಡಲ ಕಡೆಗೆ ಬೆಳೆಯುತ್ತಾ ಹೋಯಿತು. ಬಂಡೆಯ ಬುಡ ಕಂಡಾಗ ಯಾರೂ "ಸರ್, ಹೋಗೋಣವಾ" ಅಂತ ಕೇಳಲಿಲ್ಲ, ಎದ್ದು ಚೀಲ ಹಾಕಿಕೊಂಡರು. ನಾನು ಬೋರ್ಡಿನ ಮೇಲೆ ಹತ್ತು ಪಾಠ ಮಾಡಿದ್ದರೂ ಅಷ್ಟು ಕಲಿಯುತ್ತಿರಲಿಲ್ಲ. ಹಾಗಂತ ನೀವೂ ತಪ್ಪು ಪಟ್ಟಿ ತಗೊಂಡು ಹೋಗಬೇಡಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಉಬ್ಬರ ಇನ್ನೂ ಜೋರು. ಬೆಳದಿಂಗಳ ಆಸೆಗೆ ಹುಣ್ಣಿಮೆ ಆರಿಸುವವರು ಇದನ್ನೂ ಸೇರಿಸಿಕೊಳ್ಳಲಿ.

ನನ್ನ ಪ್ರಶ್ನೆಗೆ ಕಡಲ ದಂಡೆ ಕೊಡುವ ಉತ್ತರ ಸುಲಭ. ನಡುವೆ ನಡುವೆ ಊರು ಸಿಗುತ್ತದೆ, ಆಟೋ ಬರುತ್ತದೆ. ಎರಡನೇ ದಿನ ಕಾಲಿನಲ್ಲಿ ಬೊಬ್ಬೆ ಎದ್ದಿದ್ದ ಇಬ್ಬರನ್ನು ಮೇಡಂ ತದಡಿಯಿಂದಲೇ ಆಟೋದಲ್ಲಿ ಗೋಕರ್ಣಕ್ಕೆ ಕರೆದೊಯ್ದರು. ಅಪಾಯ ಇರೋದು ನಡಿಗೆಯಲ್ಲಲ್ಲ, ನಡಿಗೆ ಮುಗಿದ ಮೇಲೆ. ಬೆವರಿದ ಮಕ್ಕಳಿಗೆ ಎದುರಿಗೇ ನೀರು. ಮೊಣಕಾಲು ದಾಟುವ ಹಾಗಿಲ್ಲ, ಸೀಟಿ ಊದಿದರೆ ಜೋಡಿ ಜೋಡಿಯಾಗಿ ಕೈ ಎತ್ತಿ ಎಣಿಸಬೇಕು ಅಂತ ನಿಯಮ ಇತ್ತು. ಆದರೂ ನನ್ನ ಕಣ್ಣು ಒಂದು ಕ್ಷಣ ನೀರು ಬಿಟ್ಟು ಕದಲಲಿಲ್ಲ. ದಂಡೆಯಿಂದ ಒಳಕ್ಕೆ ಎಳೆಯುವ ಸೆಳೆತ ಮೇಲಿನಿಂದ ನೋಡಿದರೆ ಶಾಂತವಾಗಿ ಕಾಣುತ್ತದೆ. ಅಲೆ ಒಡೆಯದ ಜಾಗವೇ ಮಕ್ಕಳಿಗೆ ಇಷ್ಟ, ಅಪಾಯವೂ ಅಲ್ಲೇ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುಳುಗಿ ಸತ್ತರು. ನಮ್ಮ ಹೊನ್ನೆಮರಡು ಪ್ರವಾಸ ಇದ್ದದ್ದು ಅದರ ಮರುತಿಂಗಳು. ಇಬ್ಬರು ಅಪ್ಪಂದಿರು ಶಾಲೆಗೇ ಬಂದರು. "ನೀರಿಗೆ ಇಳಿಸ್ತೀರಾ ಮೇಷ್ಟ್ರೇ?" ಇಳಿಸ್ತೀನಿ ಅಂದೆ. ಲೈಫ್ ಜಾಕೆಟ್ ಹಾಕಿಸಿ, ಹೆಗಲ ಹತ್ತಿರ ಹಿಡಿದು ಮೇಲೆಳೆದು ನೋಡಿ, ಅದು ಕಿವಿವರೆಗೆ ಬಂದರೆ ಮತ್ತೆ ಬಿಗಿದು, ಆಮೇಲೆ ಇಳಿಸ್ತೀನಿ ಅಂದೆ. ಒಬ್ಬರು ಒಪ್ಪಿದರು. ಇನ್ನೊಬ್ಬರ ಮಗನ ಬದಲು ಬೇರೆ ಹುಡುಗ ಬಂದ.

ಹೊನ್ನೆಮರಡು ನಮ್ಮವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಅರಸೀಕೆರೆಯಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿದರೆ ಅಲ್ಲಿಂದ ಸ್ವಲ್ಪ ದೂರ. ಎದುರಿಗೆ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು, ನಡುವೆ ಪುಟ್ಟ ದ್ವೀಪಗಳು. ನಮ್ಮೂರ ಕಡೆ ಮಕ್ಕಳಿಗೆ ನೀರು ಅಂದರೆ ಬೋರ್‌ವೆಲ್ ಪೈಪು. ಈಜು ಬರುವವರು 24ರಲ್ಲಿ ಐದು ಜನ. ಅಲ್ಲಿನ ಸಾಹಸ ಕೇಂದ್ರದವರು ಮೊದಲ ದಿನ ದಡದ ಹತ್ತಿರ ಬೇಕಂತಲೇ ದೋಣಿ ಮಗುಚಿಸಿದರು. ಹೆದರಿ ಅಳುತ್ತಿದ್ದ ಹುಡುಗಿ ಜಾಕೆಟ್ ತನ್ನನ್ನು ಮೇಲಕ್ಕೆ ಎತ್ತಿದ್ದು ಗೊತ್ತಾದ ಕೂಡಲೇ "ಇನ್ನೊಂದ್ ಸಲ" ಅಂದಳು.

ಹರಿಗೋಲಿನದು ಇನ್ನೊಂದು ಕತೆ. ಅರ್ಧ ಗಂಟೆ ಎಲ್ಲರೂ ನಿಂತಲ್ಲೇ ಗಿರಗಿರ ತಿರುಗಿದರು. ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ತಿರುಗೋದೇ. ಮುಂದಕ್ಕೆ ಬಾಗಿ, ಎದುರಿನ ನೀರಿನಲ್ಲಿ ಎಂಟು ಬರೆದ ಹಾಗೆ ಹುಟ್ಟು ಆಡಿಸಬೇಕು. "ಎಂಟು ಬರೀರಿ" ಅಂದಾಗ ನಮ್ಮ ಹುಡುಗನೊಬ್ಬ ಕನ್ನಡದ ೮ ಬರೆದ. ಹರಿಗೋಲು ಕದಲಲಿಲ್ಲ. ಇಂಗ್ಲಿಷ್ 8 ಬೇಕಂತೆ.

ಎರಡನೇ ರಾತ್ರಿ ದ್ವೀಪದಲ್ಲಿ. ತಾವೇ ಹುಟ್ಟು ಹಾಕಿ ಹೋದರು, ಪಾತ್ರೆಯಿಲ್ಲದ ಅಡುಗೆ ಮಾಡಿ ಮಣ್ಣು ಮೆತ್ತಿದ ಆಲೂಗಡ್ಡೆ ಸುಟ್ಟು ತಿಂದರು. ಸ್ಕೌಟ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಪ್ಪತ್ತು ಚಿಲ್ಲರೆ ಹುಡುಗರ ಜೊತೆ ಮೊದಲ ಶಿಬಿರ ಮಾಡಿದ್ದೂ ದ್ವೀಪದಲ್ಲೇ, ಇಂಗ್ಲೆಂಡಿನ ಬ್ರೌನ್‌ಸೀಯಲ್ಲಿ. ಅದು ತೆರೆದ ಕಡಲಿನಲ್ಲಿಲ್ಲ, ಪೂಲ್ ಬಂದರಿನೊಳಗಿದೆ. ಸುತ್ತ ನೀರು, ಆದರೆ ದಡ ಹತ್ತಿರ. ಆ ಮನುಷ್ಯನಿಗೆ ಲೆಕ್ಕ ಗೊತ್ತಿತ್ತು.

ಹೊನ್ನೆಮರಡಿನಲ್ಲಿ ಕೊರತೆ ಇಲ್ಲವೆಂದಲ್ಲ. ಬೇಸಿಗೆ ಏರಿದಂತೆ ನೀರು ಹಿಂದೆ ಸರಿಯುತ್ತದೆ, ಕೆಸರು ದಾಟಿಕೊಂಡು ಹೋಗಬೇಕು. ಮಂಗನ ಕಾಯಿಲೆಯ ಭಯ ಇದೆ, ಸಾಗರ ತಾಲ್ಲೂಕಿನಲ್ಲಿ ಅದು ಹೊಸದಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅದನ್ನು ಹರಡುವ ಉಣುಗಿನ ಕಾಲ. ಹೊರಡುವ ಮೊದಲು ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಕೇಳಿದೆ. ಉದ್ದ ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತೂರಿಸಿ, ಎಣ್ಣೆ ಹಚ್ಚಿಸಿ, ಸಂಜೆ ಒಬ್ಬರಿಗೊಬ್ಬರು ಕುತ್ತಿಗೆ, ಕಂಕುಳು ನೋಡುವಂತೆ ಮಾಡಿದೆ. ಮಂಗ ಸತ್ತ ಸುದ್ದಿ ಇದ್ದರೆ ಟಿಕೆಟ್ ದುಡ್ಡು ಹೋದರೂ ಪರವಾಗಿಲ್ಲ, ಹೋಗಬೇಡಿ.

ಈಗ ಫೋನ್ ಮಾಡಿದವರಿಗೆ ಹೀಗೆ ಹೇಳುತ್ತೇನೆ. ಹೊಸ ಟ್ರೂಪ್, 7-8ನೇ ಕ್ಲಾಸು ಅಂದರೆ ಕಣ್ಣು ಮುಚ್ಚಿ ಹೊನ್ನೆಮರಡು. ತೃತೀಯ ಸೋಪಾನ (ಸ್ಕೌಟ್ ತರಬೇತಿಯ ಮೇಲಿನ ಒಂದು ಹಂತ) ಮುಗಿಸಿದವರಿದ್ದರೆ, ದೊಡ್ಡವರು ಮೂವರಲ್ಲ ಐವರಿದ್ದರೆ, ಕಡಲ ದಂಡೆ. ಕುಮಾರ ಪರ್ವತಕ್ಕೆ 9, 10ನೇ ಕ್ಲಾಸಿನವರು, ಅದೂ ನಾಲ್ಕು ಭಾನುವಾರ ಹತ್ತಿರದ ಗುಡ್ಡ ಹತ್ತಿಸಿದ ಮೇಲೆ. ನಾನು ಮಾಡಿದ್ದು ಪೂರ್ತಿ ಉಲ್ಟಾ, ಕಷ್ಟದ್ದೇ ಮೊದಲು. ನನಗೇ ಮನಸ್ಸು ಯಾವುದರ ಮೇಲೆ ಅಂದರೆ, ಇಷ್ಟೆಲ್ಲ ಹೆದರಿದರೂ, ಆ ಚಿಪ್ಪಿನ ಸಾಲಿನ ಮೇಲೆ.

ಈ ಡಿಸೆಂಬರ್‌ಗೆ ಮತ್ತೆ ಕುಮಟಾ ಅಂತ ತೀರ್ಮಾನವಾಗಿದೆ. ಅಂದು ಶೂ ಬಾಯಿ ಬಿಟ್ಟಿದ್ದ ಹುಡುಗ ಈಗ ಪಿಯುಸಿ, ರೋವರ್ (ದೊಡ್ಡ ಹುಡುಗರ ಸ್ಕೌಟ್ ವಿಭಾಗ) ಆಗಿ ಜೊತೆಗೆ ಬರುತ್ತಾನೆ. ಇಳಿತದ ಹೊತ್ತು ನೋಡುವ ಕೆಲಸ ಅವನಿಗೆ ಕೊಟ್ಟಿದ್ದೇನೆ. ಮೊನ್ನೆ ಪಟ್ಟಿ ತಂದು ತೋರಿಸಿದ. ಹೊರಡುವ ದಿನದ್ದಲ್ಲದೆ ಹಿಂದಿನ ಎರಡು ದಿನ, ಮುಂದಿನ ಎರಡು ದಿನದ್ದೂ ಬರೆದಿದ್ದ.