ಪಂಕ್ತಿ ಊಟ: ನಿಮ್ಮ ರೀತಿಯೋ, ನಾಲ್ಕು ಜನರ ರೀತಿಯೋ?

ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗ ಎಲ್ಲವನ್ನೂ ರೂಢಿಯಂತೆ ಮಾಡಬೇಕಾ, ನಮ್ಮಿಷ್ಟದಂತೆ ಉಣ್ಣಬಹುದಾ? ಎರಡಕ್ಕೂ ಜಾಗವಿದೆ.

ಮೆಲ್ಲಗೆ ಉಣ್ಣುವುದು, ಮಾತಾಡದೆ ಉಣ್ಣುವುದು, ಹುಳಿ ಬಿಟ್ಟು ಸಾರನ್ನೇ ಎರಡು ಸಲ ಹಾಕಿಸಿಕೊಳ್ಳುವುದು, ಇವೆಲ್ಲ ನಿಮ್ಮ ಸ್ವಭಾವ. ಯಾರೂ ಕೇಳುವಂತಿಲ್ಲ. ಪಾಯಸ ಬೇಡವಾದರೆ ಎಲೆಗೆ ಕೈ ಅಡ್ಡ ಹಿಡಿದು, ನಗುತ್ತಾ "ಸಾಕು" ಎನ್ನಿ. ಹಾಕಿಸಿಕೊಂಡು ಎಲೆಯಲ್ಲಿ ಬಿಡುವುದಕ್ಕಿಂತ ಮೇಲು, ಅಲ್ವಾ?

ಏಳುವುದು ಮಾತ್ರ ಬೇರೆ ಲೆಕ್ಕ. ನಿಮ್ಮದು ಬೇಗ ಉಣ್ಣುವ ಅಭ್ಯಾಸ, ಮಜ್ಜಿಗೆ ಅನ್ನವೂ ಮುಗಿಯಿತು. ಪಕ್ಕದ ಅಜ್ಜಿ ಇನ್ನೂ ಸಾರಿನಲ್ಲೇ ಇದ್ದಾರೆ. ನೀವು ಎದ್ದರೆ ಅವರು ಗಡಿಬಿಡಿಯಲ್ಲಿ ನುಂಗುತ್ತಾರೆ, ಇಲ್ಲವೇ ಅರ್ಧಕ್ಕೇ ಬಿಡುತ್ತಾರೆ. ಕೈ ಒಣಗಿದರೂ ಸುಮ್ನೆ ಕೂತಿರಿ. (ಈಗ ಛತ್ರಗಳಲ್ಲಿ ಮುಂದಿನ ಪಂಕ್ತಿಯವರು ಕುರ್ಚಿ ಹಿಂದೆಯೇ ಬಂದು ನಿಲ್ಲುತ್ತಾರೆ. ಅದು ಯಾವ ಸೀಮೆ ಮರ್ಯಾದೆಯೋ!) ಅನ್ನಕ್ಕೆ ತುಪ್ಪ ಬೀಳುವವರೆಗೆ ಕಾಯುವುದೂ ಹೀಗೇ.

ಎಡಗೈಯವರ ಪಾಡು ಕಷ್ಟ. ಹಿರಿಯರು ಮುಖ ಸಿಂಡರಿಸಬಹುದು. ಸಾಲಿನ ಎಡತುದಿಯಲ್ಲಿ ಕೂತರೆ ಪಕ್ಕದವರಿಗೆ ಮೊಣಕೈ ತಾಗುವುದಿಲ್ಲ. ಬಲಗೈಯಲ್ಲಿ ಒದ್ದಾಡಿ ಅರೆಹೊಟ್ಟೆಯಲ್ಲಿ ಏಳುವುದಕ್ಕಿಂತ ಅದೇ ವಾಸಿ. ಇಲ್ಲಿ ನಾನಂತೂ ಅಭ್ಯಾಸದ ಪರ.