ಡೇಕ್ರಾನ್ ರೆಕ್ಕೆಗೆ ಬಿಸಿಲ ಕಾಟ: ಸ್ಪ್ರೇ, ಬೆಳ್ಳಿ ಬಣ್ಣ, ಟಾರ್ಪಾಲು, ಕವರ್

ಮೈಕ್ರೋಲೈಟ್, ಅಂದರೆ ಹಗುರವಾದ ಪುಟ್ಟ ವಿಮಾನ, ಇಟ್ಟುಕೊಂಡವರು ಎಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಬಟ್ಟೆಯ ಮಾತು ಬರುವುದು ಅದು ಹರಿದ ಮೇಲೇ. ನನ್ನದು ಬೆಂಗಳೂರಿನ ರಾಜ್ ಹಂಸ ಕಂಪನಿಯಲ್ಲಿ ತಯಾರಾದ ಎಕ್ಸ್-ಏರ್. ರೆಕ್ಕೆಗೆ ಡೇಕ್ರಾನ್ ಹೊದಿಕೆ, ಅಂದರೆ ಹಾಯಿದೋಣಿಗೆ ಬಳಸುವಂಥ ಪಾಲಿಯೆಸ್ಟರ್ ಬಟ್ಟೆ. ಮಳೆಗೆ ಅದು ಜಗ್ಗುವುದಿಲ್ಲ. ಆದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಅದರ ನೂಲು ದಿನೇ ದಿನೇ ಬಲ ಕಳೆದುಕೊಳ್ಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ತಂಪಾಗಿದೆ ಅಂತ ಆ ಕಿರಣವೇನೂ ಕಡಿಮೆ ಆಗುವುದಿಲ್ಲ.

ಹಳೇ ಹೊದಿಕೆ ಬಿಚ್ಚಿದಾಗ, ನೆರಳಲ್ಲೇ ಇದ್ದ ಕೆಳಮೈಯಿಂದ ಹೊಲಿಗೆ ಸಮೇತ ಪಟ್ಟಿ ಕತ್ತರಿಸಿ ತಾರಸಿಯಲ್ಲಿ ಹಲಗೆಗೆ ಬಡಿದೆ. ಒಂದು ಬರೀ ಬಟ್ಟೆ, ಒಂದಕ್ಕೆ ಬಿಸಿಲು ತಡೆಯುವ ಸ್ಪ್ರೇ, ಒಂದಕ್ಕೆ ಬೆಳ್ಳಿ ಬಣ್ಣ, ಒಂದರ ಮೇಲೆ ಕವರ್ ಬಟ್ಟೆ. ಬೇಸಿಗೆ ಮುಗಿದ ಮೇಲೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದೆ.

ಬರೀ ಪಟ್ಟಿ ಮೊದಲು ಹರಿಯಿತು, ಅದು ಗೊತ್ತಿದ್ದದ್ದೇ. ಸ್ಪ್ರೇ ಹೊಡೆದದ್ದು ಅದಕ್ಕಿಂತ ಸ್ವಲ್ಪ ವಾಸಿ, ಅಷ್ಟೇ. ನಾನು ಬಳಸಿದ್ದು 303 ಅನ್ನುವ ಹೆಸರಿನ ಸ್ಪ್ರೇ. ಮೂರರಿಂದ ಐದು ವಾರಕ್ಕೊಮ್ಮೆ ಮತ್ತೆ ಹಚ್ಚಿ ಅನ್ನುತ್ತಾರೆ. ಏಣಿ ಹಾಕಿಕೊಂಡು ಎರಡೂ ರೆಕ್ಕೆಯ ಧೂಳು ತೊಳೆದು, ಒಣಗಿಸಿ, ಹಚ್ಚಿ, ಒರೆಸುವ ಕೆಲಸವನ್ನು ವರ್ಷಪೂರ್ತಿ ತಪ್ಪದೆ ಮಾಡುವವರು ಎಷ್ಟು ಜನ ಇದ್ದಾರೆ ಹೇಳಿ?

ತಕ್ಕಡಿಯಲ್ಲಿ ಗೆದ್ದದ್ದು ಬೆಳ್ಳಿ ಬಣ್ಣ. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂತು ಬೆಳಕನ್ನೇ ತಡೆಯುತ್ತವೆ. ಚೌಕಟ್ಟಿಗೆ ಬಟ್ಟೆ ಅಂಟಿಸಿ ಬಿಗಿ ಮಾಡಿದ ವಿಮಾನಗಳಿಗೆ ಇದೇ ಹಳೇ ಪದ್ಧತಿ. ಒಳಗೆ ಬಲ್ಬ್ ಹಿಡಿದರೆ ಹೊರಗೆ ಬೆಳಕು ಕಾಣಬಾರದು, ಅದೇ ಪರೀಕ್ಷೆ. ಆದರೂ ನನ್ನ ರೆಕ್ಕೆಗೆ ನಾನು ಹಚ್ಚಲಿಲ್ಲ. ಎಕ್ಸ್-ಏರ್ ಹೊದಿಕೆ ದಿಂಬಿನ ಗವಸಿನ ಹಾಗೆ ತೊಡಿಸುವಂಥದ್ದು, ಬಿಚ್ಚಿ ಮಡಚಿದರೆ ಬಣ್ಣ ಬಿರಿಯುತ್ತದೆ. ಜೊತೆಗೆ ಭಾರ. ಬಾಲಕ್ಕೆ ಹಚ್ಚಿದರೆ ವಿಮಾನದ ತೂಕದ ಸಮತೋಲವೇ ಹಿಂದಕ್ಕೆ ಜಾರುತ್ತದೆ. ತಯಾರಕರನ್ನು ಕೇಳದೆ ಈ ಕೆಲಸಕ್ಕೆ ಕೈ ಹಾಕಬಾರದು.

ನೀಲಿ ಟಾರ್ಪಾಲು ಅಗ್ಗ ಅಂತ ಕೆಲವರು ಹೊದಿಸುತ್ತಾರೆ. ಬೇಡ. ಗಾಳಿಗೆ ಪಟಪಟ ಬಡಿಯುತ್ತದೆ, ಅಡಿಗೆ ಸೇರಿದ ಧೂಳು ಉಜ್ಜುತ್ತದೆ, ಮಳೆಗಾಲದಲ್ಲಿ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಅದೇ ಮೊದಲು ಚಿಂದಿ.

ಕೊನೆಗೆ ಕಾರ್ ಸೀಟ್ ಹೊಲಿಯುವವರ ಹತ್ತಿರ ರೆಕ್ಕೆಯ ಅಳತೆ ಕೊಟ್ಟು ಕವರ್ ಹೊಲಿಸಿದೆ. ಮೇಲೆ ಬೆಳ್ಳಿ ಲೇಪ, ಒಳಗೆ ಮೆತ್ತನೆ ಬಟ್ಟೆ, ಅಡಿಯಲ್ಲಿ ಬಿಗಿಯುವ ಪಟ್ಟಿ, ತುದಿಯಲ್ಲಿ ಗಾಳಿಯಾಡಲು ಸಂದು. ದುಡ್ಡು ಜಾಸ್ತಿಯೇ ಆಯಿತು. ಕೆಲವು ವರ್ಷಕ್ಕೆ ಕವರೂ ಸವೆಯುತ್ತದೆ, ಸವೆಯಲಿ, ರೆಕ್ಕೆಯ ಬದಲು ಬಿಸಿಲು ತಿನ್ನಲಿಕ್ಕೇ ಅಲ್ವಾ ಅದಿರುವುದು. ತಾರಸಿ ಪರೀಕ್ಷೆಯಲ್ಲಿ ಅದರಡಿಯ ಪಟ್ಟಿ ಬೆಳ್ಳಿ ಬಣ್ಣದ್ದಕ್ಕೆ ಹತ್ತಿರವೇ ಇತ್ತು.

ಬರೀ ಪಟ್ಟಿಯಲ್ಲೂ ಸ್ಪ್ರೇ ಪಟ್ಟಿಯಲ್ಲೂ ಬಟ್ಟೆಗಿಂತ ಮೊದಲು ಸೋತದ್ದು ಹೊಲಿಗೆ ದಾರ. ಅದು ಮೇಲೆ ಎದ್ದು ನಿಂತಿರುತ್ತದಲ್ಲ, ಬಿಸಿಲೆಲ್ಲ ಅದಕ್ಕೇ. ಹಾಗಾಗಿ ಬೆಟ್ಸೋಮೀಟರ್ ಅನ್ನುವ ಉಪಕರಣದ ಸೂಜಿ ಚುಚ್ಚಿ ಬಟ್ಟೆಯ ಬಲ ನೋಡುವಾಗ ಕೆಳಮೈ ಬಿಟ್ಟು ಮೇಲ್ಮೈಯನ್ನೇ ನೋಡಿ, ಹೊಲಿಗೆಯನ್ನೂ ಬಿಡಬೇಡಿ.

ಹ್ಯಾಂಗರ್ ಸಿಕ್ಕರೆ ಇದೆಲ್ಲಕ್ಕಿಂತ ಮೇಲು, ಬಾಡಿಗೆ ಕಟ್ಟಲಾದರೆ. ಒಳಗೆ ನಿಲ್ಲಿಸುವ ಮುನ್ನ ಒಮ್ಮೆ ತಲೆ ಎತ್ತಿ ನೋಡಿ. ಬೆಳಕಿಗೆಂದು ಚಾವಣಿಯಲ್ಲಿ ಫೈಬರ್ ಶೀಟ್ ಹಾಕಿದ್ದರೆ, ಅದರ ನೇರಕ್ಕೆ ರೆಕ್ಕೆ ಬಾರದಂತೆ ನಿಲ್ಲಿಸಿ. ಜಾಗ ಇಲ್ಲದಿದ್ದರೆ ಒಳಗೂ ಕವರ್ ಹಾಕಿ.