ಸೊಂಟದ ಬೆಲ್ಟ್ ಬಿಟ್ಟು ಲಿಫ್ಟ್ ಟೇಬಲ್ ಹಿಡಿದ ನಾಲ್ಕು ವರ್ಷಗಳು

ದಾಸ್ತಾನು ಕೊಠಡಿಯಲ್ಲಿ ದಿನವಿಡೀ ರಟ್ಟಿನ ಪೆಟ್ಟಿಗೆಗಳನ್ನು ಎತ್ತಿ ಜೋಡಿಸುವುದು ನನ್ನ ಕೆಲಸ. ಪೆಡಲ್ ತುಳಿದು ಮೇಲೇರಿಸುವ, ಕತ್ತರಿಯಂತೆ ಮಡಚಿಕೊಳ್ಳುವ ಕಾಲುಗಳ ಹೈಡ್ರಾಲಿಕ್ ಲಿಫ್ಟ್ ಟೇಬಲ್ಲನ್ನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಎರಡು ವರ್ಷ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ದುಡಿದಿದ್ದೆ. ಬೆಲ್ಟ್‌ನಿಂದ ಧೈರ್ಯವೇನೋ ಬರುತ್ತಿತ್ತು; ಆದರೆ ಒಂದು ಬೆಳಿಗ್ಗೆ ನೆಲದ ಮೇಲಿದ್ದ, ಅಷ್ಟೇನೂ ಭಾರವಿಲ್ಲದ ಪೆಟ್ಟಿಗೆಯನ್ನು ಎತ್ತುತ್ತಲೇ ಪಕ್ಕಕ್ಕೆ ಹೊರಳಿದಾಗ, ಬೆಲ್ಟ್ ಇದ್ದಂತೆಯೇ ಸೊಂಟ ಹಿಡಿದುಕೊಂಡಿತು. ಮೂರು ವಾರ ಏಳುವುದು, ಕೂರುವುದು ಎರಡೂ ಕಷ್ಟವಾಯಿತು. ನೋವಿಲ್ಲದವರು ಮುನ್ನೆಚ್ಚರಿಕೆಗೆಂದು ಬೆಲ್ಟ್ ಧರಿಸುವುದನ್ನು ತಾನು ಶಿಫಾರಸು ಮಾಡುವುದಿಲ್ಲವೆಂದು ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಯಾಶ್ (NIOSH) 1994ರಲ್ಲೇ ಹೇಳಿತ್ತೆಂಬುದು ನನಗೆ ತಿಳಿದದ್ದು ಆಮೇಲೆ.

ಅದೇ ಸಂಸ್ಥೆಯ ಭಾರ ಎತ್ತುವ ಸೂತ್ರದ ಲೆಕ್ಕ ನನ್ನ ಕಣ್ಣು ತೆರೆಸಿತು. ನೆಲದಿಂದ 75 ಸೆಂ.ಮೀ. ಎತ್ತರದಲ್ಲಿ, ಎರಡು ಕಣಕಾಲುಗಳ ನಡುವಿನಿಂದ 25 ಸೆಂ.ಮೀ. ಮುಂದೆ, ಉಳಿದೆಲ್ಲವೂ ಅನುಕೂಲವಾಗಿರುವಾಗ ಎತ್ತಬಹುದಾದ ಮಿತಿ 23 ಕೆ.ಜಿ. ಕೈಗಳು ಅಲ್ಲಿಂದ 50 ಸೆಂ.ಮೀ. ದೂರಕ್ಕೆ ಚಾಚಿದರೆ ಆ ಮಿತಿ ನೇರವಾಗಿ ಅರ್ಧಕ್ಕೆ ಇಳಿಯುತ್ತದೆ; ನೆಲದಿಂದ ಎತ್ತಿದರೆ, ಮೈ ತಿರುಚಿದರೆ ಇನ್ನಷ್ಟು ಕುಗ್ಗುತ್ತದೆ. ಅಂದರೆ ಪೆಟ್ಟಿಗೆಯ ತೂಕಕ್ಕಿಂತ ಅದು ಇರುವ ಜಾಗವೇ ಸೊಂಟಕ್ಕೆ ಹೆಚ್ಚು ಭಾರವಾಗುತ್ತದೆ. ಬೆಲ್ಟ್ ಆ ಜಾಗವನ್ನು ಬದಲಿಸುವುದಿಲ್ಲ, ಟೇಬಲ್ ಬದಲಿಸುತ್ತದೆ.

ಮೇಲಿನ ಸಾಲು ಖಾಲಿಯಾದಂತೆಲ್ಲ ನಾಲ್ಕೈದು ಬಾರಿ ಪೆಡಲ್ ತುಳಿದರೆ ಮುಂದಿನ ಸಾಲು ಸೊಂಟದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಚೆ ಅಂಚಿನ ಪೆಟ್ಟಿಗೆಗೆ ಕೈಚಾಚದೆ ಸುತ್ತಿ ಹೋಗಿ ಎತ್ತಬೇಕು. ಈ ಅಭ್ಯಾಸ ಬರಲು ನನಗೆ ತಿಂಗಳುಗಳೇ ಹಿಡಿದವು. ಟೇಬಲ್ಲನ್ನು ಕಪಾಟಿಗೆ ತೀರಾ ಒತ್ತಿ ನಿಲ್ಲಿಸಿದರೆ ಪಾದ ಕದಲದೆ ನಡು ಮಾತ್ರ ತಿರುಗುತ್ತದೆ. ಎರಡು ಹೆಜ್ಜೆ ಅಂತರ ಬಿಟ್ಟ ಮೇಲೆ ಕಾಲೇ ತಿರುಗಲೇಬೇಕಾಯಿತು, ಸಂಜೆಯ ಬಿಗಿತವೂ ಕಡಿಮೆಯಾಯಿತು.

ಕೊರತೆಗಳೂ ಇವೆ. ಪೂರ್ತಿ ಇಳಿಸಿದಾಗಲೂ ಹಲಗೆ ನೆಲದಿಂದ 28 ಸೆಂ.ಮೀ. ಮೇಲೆಯೇ ಇರುವುದರಿಂದ, ನೆಲಕ್ಕಿಳಿಸಿದ ಸರಕನ್ನು ಅದರ ಮೇಲೇರಿಸಲು ಮತ್ತೆ ಬಗ್ಗಲೇಬೇಕು. ಹಾಗಾಗಿ ವಾಹನದಿಂದ ಇಳಿಯುವ ಪೆಟ್ಟಿಗೆ ನೆಲ ಮುಟ್ಟದೆ ನೇರವಾಗಿ ಟೇಬಲ್ಲಿಗೆ ಬರುವಂತೆ ನಾವು ಕ್ರಮವನ್ನೇ ಬದಲಿಸಿದೆವು. ಇಷ್ಟು ಮಾಡದಿದ್ದರೆ ಟೇಬಲ್ಲಿನ ಅರ್ಧ ಪ್ರಯೋಜನ ವ್ಯರ್ಥ. ಮೂರನೇ ವರ್ಷ ಸಿಲಿಂಡರಿನ ಸೀಲ್ ಸವೆದು ಎಣ್ಣೆ ಜಿನುಗಿತು, ಭಾರವಿಟ್ಟ ಹಲಗೆ ತಾನಾಗಿ ಮೆಲ್ಲನೆ ಕುಸಿಯತೊಡಗಿತು. ಅಂಥ ಲಕ್ಷಣ ಕಂಡ ದಿನವೇ ಬಳಕೆ ನಿಲ್ಲಿಸಿ ದುರಸ್ತಿ ಮಾಡಿಸಬೇಕು. ಇಳಿಸುವಾಗ ಕತ್ತರಿ ಕಾಲುಗಳ ನಡುವೆ ಕೈ ಇರಕೂಡದು, ಚಕ್ರದ ಬ್ರೇಕ್ ಹಾಕದೆ ಪೆಟ್ಟಿಗೆ ಎಳೆಯಕೂಡದು.

ಕೊಳ್ಳುವವರು ಎಷ್ಟು ಭಾರ ಹೊರುತ್ತದೆ ಎಂಬುದರ ಜೊತೆಗೆ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನೂ ಅಳೆದು ನೋಡಿ. ಸಾಧ್ಯವಾದರೆ ದಿನವೂ ಅದನ್ನು ತುಳಿಯಬೇಕಾದವರನ್ನೇ ಕರೆದು, ಸರಕು ತುಂಬಿ, ಪೆಡಲ್ ತುಳಿಸಿ ಪರೀಕ್ಷಿಸಿ.